ಮದ್ದು

ಶಿಬಿರದ ಅಕ್ಕಿ ಗೋದಾಮಿನಲ್ಲಿ ಮೇಜು ಹಾಕಿದ್ದರು.
ನಾಲ್ಕು ದೇಶದ ನಾಲ್ವರು, ತಿರುಗದ ಒಂದು ಫ್ಯಾನು,
ಮಂಜುಗಡ್ಡೆ ತುಂಬಿದ ಪೆಟ್ಟಿಗೆ.
ನಡುವೆ ನಾನು, ದುಭಾಷಿ, ಶುವಾ ಲೋರ್.
ಯುದ್ಧದಲ್ಲಿ ವಿಮಾನಗಳಿಗೆ ರೇಡಿಯೋದಲ್ಲಿ
ಗುಡ್ಡದ ಗುರುತು ಹೇಳುತ್ತ ಹೇಳುತ್ತ
ಕಲಿತ ಇಂಗ್ಲಿಷು ನನ್ನದು:
ಎಡಕ್ಕೆ, ಬಲಕ್ಕೆ, ಇನ್ನೂ ಕೆಳಕ್ಕೆ, ಹೂಂ, ಅಲ್ಲೇ.
ಅಳುವವರಿಗೆ ಬೇಕಾದ ಮಾತು ಅದರಲ್ಲಿ ಕಡಿಮೆ.

ಹದಿನೇಳನೆಯವಳು ಬ್ಲಿಯಾ ಥಾವ್.
ಬಿದಿರ ಕೊಳವೆ ಕಂಕುಳಿಗೆ ಕಟ್ಟಿಕೊಂಡು
ಮೆಕಾಂಗ್ ದಾಟಿ ಐದು ವಾರ.
ಸೊಂಟದ ಪಟ್ಟಿಯಿಂದ ಬಿಚ್ಚಿ ಇಟ್ಟಳು
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಎಲೆ,
ಒಣಗಿ ಹಪ್ಪಳವಾದದ್ದು,
ಮೇಲೆ ಸಾಸಿವೆಯಷ್ಟಷ್ಟೇ ಹಳದಿ ಚುಕ್ಕೆ.

ತಾರೀಕು?
ಜೋಳ ಮುರಿದಾಗಿತ್ತು, ಗಸಗಸೆ ಚೆಲ್ಲಿರಲಿಲ್ಲ, ಅಂದಳು.
ಸೆಪ್ಟೆಂಬರ್, ಅಂದೆ. ಬರೆದುಕೊಂಡರು.
ವಿಮಾನ ಎಷ್ಟು ಎತ್ತರದಲ್ಲಿತ್ತು?
ನೋಡಲಿಲ್ಲ, ಸದ್ದು ಕೇಳಿದೆ.
ಕೋಳಿಗಳು ಕತ್ತೆತ್ತಿ ನೋಡಿದವು. ಅವೇ ಮೊದಲು ಸತ್ತವು.
ಇದಕ್ಕೆ ಆ ಹಾಳೆಯಲ್ಲಿ ಮನೆ ಇರಲಿಲ್ಲ.

ಗಡ್ಡದವನೊಬ್ಬ, ಒಳ್ಳೆಯವನೇ,
ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಾಗಿದ್ದ.
ಜೇನುಹುಳದ ಹಿಕ್ಕೆ ಇರಬಹುದು, ಅಂದ.
ಹಿಂಡಾಗಿ ಏಳುತ್ತವೆ, ಒಟ್ಟಿಗೇ ಹೊಟ್ಟೆ ಖಾಲಿ ಮಾಡುತ್ತವೆ,
ಕೆಳಗಿದ್ದವರಿಗೆ ಹಳದಿ ಮಳೆ.
ಹೇಳಿದೆ. ಅವಳು ನಕ್ಕಳು,
ನದಿಯ ಈಚೆಗೆ ಬಂದ ಮೇಲೆ ಮೊದಲ ಸಲವೋ ಏನೋ.
ನಮ್ಮಪ್ಪ ಜೇನು ಕೀಳುವವನು,
ಹುಳದ ಹೇಲು ಯಾವುದು ಅಂತ ಇವನು ನನಗೆ ಹೇಳಿಕೊಡಬೇಕೇ?
ಇರಲಿ. ಈ ಎಲೆ ಹುಳದ್ದೇ ಇರಲಿ.
ಓಡುವಾಗ ಕೈಗೆ ಸಿಕ್ಕಿದ ಎಲೆ ಇದು.
ಆ ಇನ್ನೊಂದನ್ನು ಮುಟ್ಟಿದವನು
ತಂದು ತೋರಿಸಲು ಉಳಿಯಲಿಲ್ಲ.

ಮಗುವಿನ ಸಾವಿಗೆ ಕಾರಣ?

ಮದ್ದು, ಅಂದಳು.

ನಮ್ಮಲ್ಲಿ ಇರುವುದು ಅದೊಂದೇ ಮಾತು.
ಕೆಮ್ಮಿಗೆ ಅರೆದು ಕುಡಿಸುವ ಬೇರು ಮದ್ದು,
ಕೋವಿಗೆ ಇಡಿಯುವ ಕರಿಪುಡಿ ಮದ್ದು,
ಆಕಾಶದಿಂದ ಉದುರಿದ್ದಕ್ಕೂ
ಬೇರೆ ಹೆಸರು ಹುಡುಕುವಷ್ಟು ಪುರುಸೊತ್ತು ಸಿಗಲಿಲ್ಲ.
ರಾತ್ರಿ ದಡದ ಜೊಂಡಿನಲ್ಲಿ ಕೂತಾಗ
ಸೈನಿಕರ ಕಿವಿಗೆ ಅಳು ಬೀಳದಿರಲೆಂದು
ಎಳೆಯ ನಾಲಗೆಗೆ ಸವರುವ ಅಫೀಮು,
ಅದೂ ಮದ್ದೇ.

ಪೆನ್ನು ಎತ್ತಿ ಹಿಡಿದವನ ಮುಖ ನೋಡಿದೆ.
ಅವಳ ಮುಖ ನೋಡಿದೆ. ಅವಳು
ತನ್ನ ಕಿರುಬೆರಳಿನ ಉಗುರು ನೋಡಿಕೊಳ್ಳುತ್ತಿದ್ದಳು,
ಎಷ್ಟು ಹಿಡಿಯುತ್ತದೆ ಎಂದು ಅಳೆಯುವವಳ ಹಾಗೆ.

ಯಾವ ಮದ್ದು?
ಕೇಳಬೇಕಿತ್ತು. ದಿನಕ್ಕೆ ಅರವತ್ತು ಬಾಟ್ ಕೊಡುತ್ತಿದ್ದುದು ಅದಕ್ಕೇ.
ಕೇಳಲಿಲ್ಲ.
ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಬಾಗಿಲು;
ಒಂದನ್ನು ನಾನೇ ದೂಡಿ ತೆರೆದು
ಅವಳನ್ನು ಒಳಗೆ ಕಳಿಸಿದೆ.
ಇನ್ನೊಂದರಾಚೆ ಏನಿತ್ತು ಅಂತ
ಆ ನಾಲ್ವರಿಗೆ ಗೊತ್ತಾಗಲಿಲ್ಲ,
ಅವಳಿಗೆ ಗೊತ್ತಿತ್ತು.

ತೋಳಿನಿಂದ ಎರಡು ಸೀಸೆ ನೆತ್ತರು ತೆಗೆದರು.
ಬ್ಯಾಂಕಾಕಿನ ದಾರಿಯಲ್ಲಿ ಜೀಪು ಕೆಟ್ಟು
ಮಂಜುಗಡ್ಡೆ ಕರಗಿತಂತೆ.

ವರದಿ ಬಂದದ್ದು ಮರುವರ್ಷ.
ದೃಢಪಡಿಸುವಂತಿಲ್ಲ, ಹಾಗೆಂದು
ತಳ್ಳಿಹಾಕುವಂತೆಯೂ ಇಲ್ಲ.
ನಲ್ಲಿಯ ಹತ್ತಿರ ಜನ ಸುತ್ತಿಕೊಂಡರು, ಏನಂತೆ, ಏನಂತೆ.
ಗೊತ್ತಿಲ್ಲವಂತೆ, ಅಂದೆ.
ಮುದುಕ ಚೊಂಗ್ ಕೂ ಕೈಗೆ ತೆಗೆದುಕೊಂಡು ತೂಗಿ ನೋಡಿದ:
ಇಷ್ಟು ಹೇಳಲಿಕ್ಕೆ ಇಷ್ಟು ಕಾಗದವೇ?

ಎಲ್ಲ ಚದುರಿದ ಮೇಲೆ ಬ್ಲಿಯಾ
ಬಕೆಟ್ಟು ಕೆಳಗಿಟ್ಟು ಕೇಳಿದಳು,
ಎಲೆ ವಾಪಸು ಕೊಡುತ್ತಾರಾ?
ಇಲ್ಲ, ಅದಕ್ಕೆ ನಂಬರು ಬಿದ್ದಿದೆ,
ಯಾವುದೋ ಊರಿನ ಕಪಾಟಿನಲ್ಲಿದೆ.
ಎಲೆ ಹೋಗಲಿ,
ಸುತ್ತಿದ್ದ ಪ್ಲಾಸ್ಟಿಕ್ಕು?

ಅದಕ್ಕೂ ಮೊದಲು ಅದರಲ್ಲಿ ಮಗುವಿನ ಮದ್ದಿತ್ತು.